ಎಸಿಎಲ್ ಹರಿದ ಮಂಡಿಯಲ್ಲಿ ದಸರಾ ಪಂದ್ಯ ಆಡಿಸಬೇಕಾ? ಮಂಡ್ಯ–ಮೈಸೂರು ಬ್ಯಾಸ್ಕೆಟ್‌ಬಾಲ್ ಬಳಗದ ಚರ್ಚೆ

ಮಂಡ್ಯ_ಕೋಚ್:

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಸಂಜೆ ಹೊತ್ತು ಪಿಯು, ಡಿಗ್ರಿ ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುತ್ತೇನೆ. ನಮ್ಮ ಟೀಮಿನ ಪಾಯಿಂಟ್ ಗಾರ್ಡ್‌ಗೆ (ಬಾಲ್ ನಡೆಸಿ ಆಟ ಕಟ್ಟುವವಳು) ಮೊನ್ನೆ ಎಂಆರ್‌ಐ ಆಯಿತು. ಎಡ ಮಂಡಿಯ ಎಸಿಎಲ್, ಅಂದರೆ ಕೀಲಿನ ಒಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಪಟ್ಟಿ (ಲಿಗಮೆಂಟ್), ಪೂರ್ತಿ ಹರಿದಿದೆ ಅಂತ ರಿಪೋರ್ಟ್ ಬಂದಿದೆ. ಹುಡುಗಿ ಸೆಕೆಂಡ್ ಪಿಯು. ದಸರಾ ಕ್ರೀಡಾಕೂಟದ ವಿಭಾಗ ಮಟ್ಟದ ಪಂದ್ಯಕ್ಕೆ ಇನ್ನು ಕೆಲವೇ ವಾರ ಇದೆ.

ಏಟಾಗಿದ್ದು ಹೀಗೆ. ಫಾಸ್ಟ್ ಬ್ರೇಕ್‌ನಲ್ಲಿ ಬಾಲ್ ತಗೊಂಡು ಓಡಿದಳು. ಎದುರಿಗೆ ಡಿಫೆಂಡರ್ ಬಂದಳು ಅಂತ ಗಕ್ಕನೆ ನಿಂತು ಬಲಕ್ಕೆ ತಿರುಗಿದಳು. ಯಾರೂ ಮುಟ್ಟಲಿಲ್ಲ. ಪಾದ ಸಿಮೆಂಟ್ ಕೋರ್ಟಿಗೆ ಕಚ್ಚಿಕೊಂಡಿತು, ಮಂಡಿ ಒಳಕ್ಕೆ ಬಾಗಿತು. ಒಳಗೆ ‘ಟಕ್’ ಅಂತ ಕೇಳಿಸಿತಂತೆ. ಸ್ವಲ್ಪ ಹೊತ್ತಿಗೆ ಎದ್ದು ಕುಂಟುತ್ತಾ ನಡೆದು, “ಸರ್, ಏನೂ ಆಗಿಲ್ಲ, ಆಡ್ತೀನಿ” ಅಂದಳು. ಮನೆ ಸೇರುವ ಹೊತ್ತಿಗೆ ಮಂಡಿ ಚಿಪ್ಪೇ ಕಾಣದ ಹಾಗೆ ಊದಿಕೊಂಡಿತ್ತು.

ಈಗ ಊತ ಇಳಿದಿದೆ. ನೋವಿಲ್ಲ ಅನ್ನುತ್ತಾಳೆ. ನೇರಕ್ಕೆ ಓಡುತ್ತಾಳೆ, ನಿಂತಲ್ಲಿಂದ ಶೂಟ್ ಮಾಡುತ್ತಾಳೆ. ಅದನ್ನು ನೋಡಿದವರೆಲ್ಲ “ನೀ ಕ್ಯಾಪ್ ಹಾಕಿ ಇದೊಂದು ಟೂರ್ನಮೆಂಟ್ ಆಡಿಸಿಬಿಡಿ, ಆಮೇಲೆ ಆಪರೇಷನ್ ನೋಡಿಕೊಂಡರಾಯಿತು” ಅನ್ನುತ್ತಿದ್ದಾರೆ. ಸರ್ಟಿಫಿಕೇಟ್ ಸಿಕ್ಕರೆ ಸ್ಪೋರ್ಟ್ಸ್ ಕೋಟಾದಲ್ಲಿ ಒಳ್ಳೆ ಕಾಲೇಜು ಸಿಗಬಹುದು ಅನ್ನೋ ಆಸೆ ಅವಳ ಮನೆಯವರಿಗೆ. ಅವರ ಮನೆಯ ಪರಿಸ್ಥಿತಿ ನನಗೆ ಗೊತ್ತು, ಆ ಆಸೆ ಸಣ್ಣದಲ್ಲ.

ಆದರೂ ನಾನು ಆಡಿಸುವುದಿಲ್ಲ. ಇಷ್ಟು ದೊಡ್ಡ ತೀರ್ಮಾನವನ್ನು ಹದಿನೇಳು ವರ್ಷದ ಮಗುವಿನ ತಲೆ ಮೇಲೆ ಹಾಕಬಾರದು. ಗೆಲ್ಲಲೇಬೇಕು ಅಂತ ಕೂತಿರುವ ಕೋಚ್ ಕೈಗೂ ಕೊಡಬಾರದು. ಮಂಡಿ ಬಗ್ಗೆ ಗೊತ್ತಿರುವವರು, ಅನುಭವಿಸಿದವರು ಬರೆಯಿರಿ. ಅವರ ಮನೆಯವರಿಗೂ ಇದನ್ನು ಓದಿಸುತ್ತೇನೆ.

ಕುವೆಂಪುನಗರ_ಹೂಪ್ಸ್:

ಸರ್, ನಿಮ್ಮ ಕಾಳಜಿ ಅರ್ಥ ಆಗುತ್ತದೆ. ಆದರೆ ಪೂರ್ತಿ ಬಾಗಿಲು ಹಾಕಬೇಡಿ. ಡಿಜುವಾನ್ ಬ್ಲೇರ್ ಅಂತ ಒಬ್ಬ ಇದ್ದ. ಹೈಸ್ಕೂಲಿನಲ್ಲೇ ಎರಡೂ ಮಂಡಿಗೆ ಆಪರೇಷನ್ ಆಗಿತ್ತು. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಗೆ ಬರುವ ಹೊತ್ತಿಗೆ ಎರಡು ಮಂಡಿಯಲ್ಲೂ ಎಸಿಎಲ್ಲೇ ಇರಲಿಲ್ಲ. 2009ರಲ್ಲಿ ಸ್ಯಾನ್ ಆಂಟೋನಿಯೋ ಸ್ಪರ್ಸ್ ಹೊಸ ಆಟಗಾರರ ಆಯ್ಕೆಯಲ್ಲಿ ಅವನನ್ನು 37ನೆಯವನಾಗಿ ಆರಿಸಿಕೊಂಡಿತು. ಮೊದಲ ಸೀಸನ್ನಿನಲ್ಲಿ 82ಕ್ಕೆ 82 ಪಂದ್ಯ ಆಡಿದ.

ಎನ್‌ಬಿಎಯ ಗೋಲ್ಡನ್ ಸ್ಟೇಟ್ ಟೀಮಿನ ಸ್ಟೆಫ್ ಕರಿ 2016ರ ಪ್ಲೇಆಫ್‌ನಲ್ಲಿ ಬಲ ಮಂಡಿಯ ಲಿಗಮೆಂಟಿಗೆ ಏಟು ಮಾಡಿಕೊಂಡ. ಎರಡು ವಾರ ಕಳೆದು ಬಂದವನು ಪೋರ್ಟ್‌ಲ್ಯಾಂಡ್ ಮೇಲೆ 40 ಪಾಯಿಂಟ್ ಹೊಡೆದ. ಅದರಲ್ಲಿ 17 ಬರೀ ಓವರ್‌ಟೈಮಿನಲ್ಲಿ. ಅದೇ ಟೀಮಿನ ಕ್ಲೇ ಥಾಂಪ್ಸನ್ 2019ರ ಫೈನಲ್ಸ್‌ನಲ್ಲಿ ಎಸಿಎಲ್ ಹರಿದ ಮೇಲೂ, ಒಳಗೆ ಹೊರಟಿದ್ದವನು ತಿರುಗಿ ಬಂದು ಎರಡು ಫ್ರೀ ಥ್ರೋ ಹಾಕಿದ. ಎರಡೂ ಬಿತ್ತು. ಹಾಗಾದರೆ ಆಡಲು ಆಗುತ್ತದೆ ಅಂತಲೇ ಅಲ್ವಾ?

ಸರಸ್ವತಿಪುರಂ_ಫಿಸಿಯೋ:

ಈ ಮೂರನ್ನೂ ಒಂದೇ ಚೀಲಕ್ಕೆ ತುಂಬಬಾರದು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಮಂಡಿಯಲ್ಲಿ ಮುಖ್ಯವಾಗಿ ನಾಲ್ಕು ಲಿಗಮೆಂಟ್. ಒಳಬದಿಗೆ ಎಂಸಿಎಲ್, ಹೊರಬದಿಗೆ ಎಲ್‌ಸಿಎಲ್. ಕೀಲಿನ ಒಳಗೆ ಒಂದಕ್ಕೊಂದು ಅಡ್ಡಹಾಯ್ದ ಎಸಿಎಲ್, ಪಿಸಿಎಲ್. ನಮ್ಮ ಕಡೆ ಯಾವುದು ಹರಿದರೂ ‘ಲಿಗಮೆಂಟ್ ಟೇರ್’ ಅಂದು ಸುಮ್ಮನಾಗಿಬಿಡುತ್ತಾರೆ. ಯಾವುದು, ಎಷ್ಟು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಕರಿಗೆ ಆಗಿದ್ದು ಎಂಸಿಎಲ್‌ನ ಗ್ರೇಡ್ 1 ಉಳುಕು. ಅಂದರೆ ಎಳೆದುಕೊಂಡಿತ್ತು, ಹರಿದಿರಲಿಲ್ಲ. ಎಂಸಿಎಲ್‌ಗೆ ರಕ್ತ ಚೆನ್ನಾಗಿ ಬರುತ್ತದೆ. ಹಾಗಾಗಿ ಬಹುಪಾಲು ತಾನಾಗೇ ಕೂಡಿಕೊಳ್ಳುತ್ತದೆ. ಗ್ರೇಡ್ 1 ಆದರೆ ಒಂದರಿಂದ ಮೂರು ವಾರ. ಗ್ರೇಡ್ 2 ಆದರೆ ಬ್ರೇಸ್ ಹಾಕಿಕೊಂಡು ಒಂದೂವರೆ ತಿಂಗಳ ತನಕ. ಪೂರ್ತಿ ಹರಿದರೂ ಎಷ್ಟೋ ಜನಕ್ಕೆ ಆಪರೇಷನ್ ಬೇಕಾಗುವುದಿಲ್ಲ.

ಎಸಿಎಲ್ ಇರುವುದು ಕೀಲಿನ ಒಳಗೆ. ಅಲ್ಲಿನ ದ್ರವ ಹರಿದ ತುದಿಗಳ ಮೇಲೆ ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಅದಕ್ಕೇ ಅದು ತಾನಾಗೇ ಗಟ್ಟಿಯಾಗಿ ಕೂಡುವುದು ಕಷ್ಟ. ಮೊಣಕಾಲ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಅತ್ತಿತ್ತ ತಿರುಚದಂತೆ ಹಿಡಿಯುವುದು ಅದರ ಕೆಲಸ. ನೇರಕ್ಕೆ ಓಡಲು, ನಿಂತು ಶೂಟ್ ಮಾಡಲು ಅದರ ನೆರವು ಅಷ್ಟಾಗಿ ಬೇಡ. ಗಕ್ಕನೆ ನಿಲ್ಲಲು, ಕಟ್ ಮಾಡಲು, ರಿಬೌಂಡ್ ಹಿಡಿದು ಒಂಟಿ ಕಾಲಲ್ಲಿ ಇಳಿಯಲು ಬೇಕೇ ಬೇಕು. ಬ್ಯಾಸ್ಕೆಟ್‌ಬಾಲ್ ಅಂದರೆ ಇದೇ ತಾನೇ? ಕ್ಲೇ ಫ್ರೀ ಥ್ರೋ ಹಾಕಿದ್ದು ನಿಂತ ಜಾಗದಿಂದ. ಆಮೇಲೆ ಆಟ ಬಿಟ್ಟು ಹೊರಗೆ ಹೋದ. ಚೇತರಿಸಿಕೊಳ್ಳುತ್ತಿದ್ದಾಗ 2020ರಲ್ಲಿ ಬಲಗಾಲಿನ ಹಿಮ್ಮಡಿ ನರ (ಅಕಿಲಿಸ್ ಟೆಂಡನ್) ಹರಿಯಿತು. ಮತ್ತೆ ಪಂದ್ಯಕ್ಕೆ ಬಂದಿದ್ದು 2022ರ ಜನವರಿ 9ಕ್ಕೆ.

ಬ್ಲೇರ್ ದೊಡ್ಡ ಮೈಕಟ್ಟಿನ ಆಟಗಾರ. ರಿಂಗ್ ಕೆಳಗೆ ಮೈಯೊಡ್ಡಿ ಆಡುತ್ತಿದ್ದವನು. ಅಂಥವರು ಸಾವಿರಕ್ಕೊಬ್ಬರು ಸಿಗುತ್ತಾರೆ. ಕೋಚ್ ಹೇಳುತ್ತಿರುವ ಹುಡುಗಿ ಪಾಯಿಂಟ್ ಗಾರ್ಡ್. ಅವಳ ಆಟವೇ ತಿರುಗುವುದು.

ಮುಖ್ಯವಾದ ಮಾತು ಇನ್ನೊಂದಿದೆ. ಎಸಿಎಲ್ ಹರಿದ ಎರಡು ಮೂರು ವಾರಕ್ಕೆ ಊತ ಇಳಿಯುತ್ತದೆ, ನೋವು ಹೋಗುತ್ತದೆ. ಲಿಗಮೆಂಟ್ ಮಾತ್ರ ಹರಿದೇ ಇರುತ್ತದೆ. ಜಾಸ್ತಿ ಜನ ಮಂಡಿ ಹಾಳುಮಾಡಿಕೊಳ್ಳುವುದು ಈ ಹಂತದಲ್ಲೇ. ನೋವಿಲ್ಲ ಅಂತ ಕೋರ್ಟಿಗೆ ಇಳಿಯುತ್ತಾರೆ. ಎಲ್ಲೋ ಒಂದು ಕಡೆ ಮಂಡಿ ಜಾರುತ್ತದೆ. ಆ ಹೊತ್ತಿಗೆ ಮೆನಿಸ್ಕಸ್ ಸಿಕ್ಕಿಕೊಂಡು ಹರಿಯುತ್ತದೆ. ಎರಡು ಮೂಳೆ ಮಧ್ಯೆ ಮೆತ್ತೆಯಂತಿರುವುದು ಅದೇ. ಅದು ಹೋದರೆ ಮಂಡಿ ಸವೆತ ಬೇಗ ಶುರುವಾಗುತ್ತದೆ.

ಯಾದವಗಿರಿ_ಫಾರ್ವರ್ಡ್:

ಫಿಸಿಯೋ ಅಕ್ಕ ಬರೆದ ಕೊನೆಯ ಮಾತು ನನ್ನ ಮಂಡಿಯ ಕಥೆ.

ಮೈಸೂರಿನಲ್ಲಿ ಡಿಗ್ರಿ ಓದುವಾಗ ಕಾಲೇಜ್ ಟೀಮಿಗೆ ಆಡುತ್ತಿದ್ದೆ. ಲೇಅಪ್ ಹಾಕಿ ಇಳಿಯುವಾಗ ಎಸಿಎಲ್ ಹೋಯಿತು. ಆಗ ನಮಗೆ ಎಸಿಎಲ್ ಅನ್ನೋ ಹೆಸರೂ ಗೊತ್ತಿರಲಿಲ್ಲ. ಟೀಮ್ ನೋಡಿಕೊಳ್ಳುತ್ತಿದ್ದವರು “ಉಳುಕು ಅಷ್ಟೇ, ಸ್ಟ್ರಾಪ್ ಮಾಡಿಕೋ, ಸೆಮಿಫೈನಲ್ ಇದೆ” ಅಂದರು. ಟೇಪ್ ಸುತ್ತಿ, ನೋವಿನ ಮಾತ್ರೆ ಕೊಟ್ಟು ಇಳಿಸಿದರು. ಮೊದಲರ್ಧ ಚೆನ್ನಾಗಿಯೇ ಆಡಿದೆ. ಎಲ್ಲರೂ ಬೆನ್ನು ತಟ್ಟಿದರು.

ಎರಡನೇ ಅರ್ಧದಲ್ಲಿ ರಿಬೌಂಡಿಗೆ ಹಾರಿ ಇಳಿದೆ. ತೊಡೆ ಒಂದು ಕಡೆ, ಕಾಲು ಒಂದು ಕಡೆ ಹೋದ ಹಾಗಾಯಿತು. ಬಿದ್ದ ಮೇಲೆ ಕಾಲನ್ನು ನೇರ ಮಾಡಲು ಆಗಲಿಲ್ಲ. ಮಡಚಿದ್ದು ಮಡಚಿದ ಹಾಗೇ ಲಾಕ್ ಆಗಿತ್ತು. ಹರಿದ ಮೆನಿಸ್ಕಸ್ ಮಡಚಿಕೊಂಡು ಕೀಲಿನ ಮಧ್ಯೆ ಸಿಕ್ಕಿಕೊಂಡಿದೆ ಅಂತ ಆಮೇಲೆ ಡಾಕ್ಟರ್ ತೋರಿಸಿದರು. ಹೊಲಿಯುವ ಸ್ಥಿತಿಯಲ್ಲಿ ಇರಲಿಲ್ಲ, ಒಂದು ಭಾಗ ತೆಗೆದರು. ಎಸಿಎಲ್ ಆಪರೇಷನ್ನೂ ಆಯಿತು.

ಈಗ ನನಗೆ ಇನ್ನೂ ನಲವತ್ತಾಗಿಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ, ಇಳಿಯುವುದು ಬಸ್ಸಿನಲ್ಲಿ. ಮಳೆಗಾಲ ಬಂದರೆ ಮಂಡಿ ಹಿಡಿದುಕೊಳ್ಳುತ್ತದೆ. ಮಗಳ ಜೊತೆ ನೆಲದ ಮೇಲೆ ಕೂತರೆ ಏಳಲು ಗೋಡೆ ಬೇಕು.

ಆ ಸೆಮಿಫೈನಲ್ ನಾವು ಸೋತೆವು. ಗೆದ್ದಿದ್ದರೂ ನಾನು ಇದನ್ನೇ ಬರೆಯುತ್ತಿದ್ದೆ. ಆವತ್ತು ಅಲ್ಲಿ ಇದ್ದ ದೊಡ್ಡವರಲ್ಲಿ ಒಬ್ಬರಾದರೂ “ಬೇಡಮ್ಮ, ಕೂತ್ಕೋ” ಅನ್ನಬೇಕಿತ್ತು. ಕೋಚ್ ಸರ್, ನೀವು ಅನ್ನುತ್ತಿದ್ದೀರಿ. ಗಟ್ಟಿಯಾಗಿ ನಿಲ್ಲಿ.

ಮದ್ದೂರು_ಅಪ್ಪ:

ನನ್ನ ಮಗಳೂ ಬ್ಯಾಸ್ಕೆಟ್‌ಬಾಲ್ ಆಡುತ್ತಾಳೆ, ಅದಕ್ಕೆ ಕೇಳುತ್ತಿದ್ದೇನೆ. ನಮ್ಮ ಕಡೆ ಮಂಡಿಗೆ ಏಟಾದರೆ ಮೊದಲು ಪುತ್ತೂರು ಕಟ್ಟು ಹಾಕಿಸುತ್ತಾರೆ, ಇಲ್ಲದಿದ್ದರೆ ಎಣ್ಣೆ ಹಚ್ಚಿ ನೀವಿಸುತ್ತಾರೆ. ನಮ್ಮಪ್ಪನ ಕೈ ಮುರಿದಾಗ ಕಟ್ಟಿನಲ್ಲೇ ಕೂಡಿತ್ತು. ಮಂಡಿಗೂ ಆಗುತ್ತದಾ?

ಸರಸ್ವತಿಪುರಂ_ಫಿಸಿಯೋ:

ಅಣ್ಣಾವ್ರೇ, ಮೂಳೆ ತಾನಾಗೇ ಕೂಡುವ ವಸ್ತು, ಅಲುಗದಂತೆ ಹಿಡಿದರೆ ಕೂಡುತ್ತದೆ. ಎಸಿಎಲ್ ಹಾಗಲ್ಲ. ಹೊರಗಿಂದ ಎಷ್ಟು ಬಿಗಿಯಾಗಿ ಕಟ್ಟಿದರೂ ಒಳಗಿನ ಹರಿದ ತುದಿಗಳನ್ನು ಸೇರಿಸಲು ಆಗುವುದಿಲ್ಲ. ಇನ್ನೊಂದು ಕಡೆ, ವಾರಗಟ್ಟಲೆ ಕಟ್ಟು ಹಾಕಿ ಕೂರಿಸಿದರೆ ಮಂಡಿ ಬಿಗಿದುಕೊಳ್ಳುತ್ತದೆ, ತೊಡೆ ಸ್ನಾಯು ಸೊರಗುತ್ತದೆ. ನನ್ನ ಹತ್ತಿರ ಬರುವವರಿಗೆ ಮಂಡಿ ಚಿಪ್ಪಿನ ಮೇಲೆ ಒಂದು ಗೇಣು ಬಿಟ್ಟು ಟೇಪ್ ಹಿಡಿದು ತೊಡೆ ಸುತ್ತಳತೆ ನೋಡುತ್ತೇನೆ. ಏಟಾದ ಕಡೆಯ ತೊಡೆ ಕೆಲವೇ ವಾರಕ್ಕೆ ಕಣ್ಣಿಗೆ ಕಾಣುವಷ್ಟು ಸಣ್ಣಗಾಗಿರುತ್ತದೆ.

ಊದಿದ ಮಂಡಿಯನ್ನು ಬಿಸಿ ಎಣ್ಣೆ ಹಚ್ಚಿ ಜೋರಾಗಿ ನೀವಿಸಬೇಡಿ. ಯಾರಾದರೂ ಎಳೆದು ತಿರುಚಿ ಸರಿ ಮಾಡುತ್ತೇನೆ ಅಂದರೆ ಬಿಡಲೇಬೇಡಿ. ಮೊದಲ ದಿನಗಳಲ್ಲಿ ಬಟ್ಟೆಯಲ್ಲಿ ಸುತ್ತಿದ ಐಸ್, ಕ್ರೇಪ್ ಬ್ಯಾಂಡೇಜ್, ಕಾಲಿನ ಕೆಳಗೆ ದಿಂಬು. ಏಟಾದ ಕೆಲವೇ ಗಂಟೆಯಲ್ಲಿ ಮಂಡಿ ಊದಿದರೆ ಒಳಗೆ ರಕ್ತ ತುಂಬಿದೆ ಅಂತ ತಿಳಿದು ಮೂಳೆ ಡಾಕ್ಟರಿಗೆ ತೋರಿಸಿ. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದಿಲ್ಲ. ‘ಎಕ್ಸ್‌ರೇ ನಾರ್ಮಲ್’ ಅಂತ ಬಂದರೆ ಮೂಳೆ ಮುರಿದಿಲ್ಲ ಅಂತ ಮಾತ್ರ ಅರ್ಥ.

ಮಳವಳ್ಳಿ_ರೈಡರ್:

ನಾನು ಬ್ಯಾಸ್ಕೆಟ್‌ಬಾಲ್‌ನವನಲ್ಲ, ಕಬಡ್ಡಿ. ನಮ್ಮಲ್ಲಿ ಲಿಗಮೆಂಟ್ ಹೋಗದವರೇ ಕಮ್ಮಿ. ನನಗೂ ಎಸಿಎಲ್ ಹೋಗಿ ವರ್ಷಗಳಾಯಿತು. ಆಪರೇಷನ್ ಮಾಡಿಸಿಲ್ಲ. ಊರ ಟೂರ್ನಮೆಂಟ್‌ಗಳಲ್ಲಿ ಈಗಲೂ ಆಡುತ್ತೇನೆ. ಹಾಗಾಗಿ ಎಲ್ಲರಿಗೂ ಆಪರೇಷನ್ ಆಗಲೇಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಮೂಳೆವಿಭಾಗ_ಪಿಜಿ:

ರೈಡರ್ ಹೇಳಿದ್ದರಲ್ಲಿ ನಿಜ ಇದೆ, ಅದನ್ನು ಮುಚ್ಚಿಡಬಾರದು. ಸ್ವೀಡನ್ನಿನಲ್ಲಿ ಎಸಿಎಲ್ ಹರಿದ 121 ಯುವಕ ಯುವತಿಯರ ಮೇಲೆ ಒಂದು ಅಧ್ಯಯನ ನಡೆದು 2010ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ಬೇಗ ಆಪರೇಷನ್. ಉಳಿದವರಿಗೆ ಮೊದಲು ವ್ಯಾಯಾಮ, ಬೇಕಾದರೆ ಮಾತ್ರ ಆಮೇಲೆ ಆಪರೇಷನ್. ಎರಡು ವರ್ಷಕ್ಕೆ ನೋಡಿದಾಗ ಎರಡು ಗುಂಪಿನ ಮಂಡಿಗಳ ಸ್ಥಿತಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಐದು ವರ್ಷಕ್ಕೆ ಎರಡನೇ ಗುಂಪಿನ ಸುಮಾರು ಅರ್ಧದಷ್ಟು ಜನ ಆಪರೇಷನ್ ಮಾಡಿಸಿಕೊಂಡಿದ್ದರು. ಇನ್ನರ್ಧ ಜನ ಹಾಗೇ ಇದ್ದರು.

ಆದರೆ ಆ ಗುಂಪಿನವರು ನೀ ಕ್ಯಾಪ್ ಹಾಕಿಕೊಂಡು ಮುಂದಿನ ವಾರದ ಪಂದ್ಯಕ್ಕೆ ಇಳಿದವರಲ್ಲ. ತಿಂಗಳುಗಟ್ಟಲೆ ಸರಿಯಾದ ವ್ಯಾಯಾಮ ಮಾಡಿದವರು. ‘ಆಪರೇಷನ್ ಇಲ್ಲದೆ ಬದುಕಬಹುದು’ ಅನ್ನುವುದು ಒಂದು ಮಾತು. ‘ಹರಿದ ಮಂಡಿಯಲ್ಲಿ ಈಗಲೇ ಆಡಬಹುದು’ ಅನ್ನುವುದು ಬೇರೆಯೇ ಮಾತು. ಮನೆಯವರು ಇವೆರಡನ್ನೂ ಕಲಸಿಬಿಡುತ್ತಾರೆ.

ರೈಡರ್, ನಿಮಗೆ ಒಂದು ಪ್ರಶ್ನೆ. ಮಂಡಿ ಯಾವಾಗಲಾದರೂ ಜಾರುತ್ತದಾ?

ಮಳವಳ್ಳಿ_ರೈಡರ್:

ಗದ್ದೆ ಬದುವಿನ ಮೇಲೆ ನಡೆಯುವಾಗ ಎರಡು ಮೂರು ಸಲ ತಪ್ಪಿದೆ. ಆವತ್ತು ಊದುತ್ತದೆ, ಎರಡು ದಿನಕ್ಕೆ ಇಳಿಯುತ್ತದೆ.

ಮೂಳೆವಿಭಾಗ_ಪಿಜಿ:

ಹಾಗಾದರೆ ನಿಮ್ಮ ಮಂಡಿ ಎಸಿಎಲ್ ಇಲ್ಲದೆ ಸಂಭಾಳಿಸುತ್ತಿಲ್ಲ. ಪ್ರತಿ ಸಲ ಜಾರಿದಾಗಲೂ ಮೆನಿಸ್ಕಸ್, ಮೂಳೆ ತುದಿಯ ಮೃದು ಪದರ ಒಂದಿಷ್ಟು ಸವೆಯುತ್ತಿದೆ. ಊದುತ್ತದೆ ಅಂದಿರಲ್ಲ, ಅದೇ ಸಾಕ್ಷಿ. ಈ ಸೀಸನ್ ಶುರುವಾಗುವ ಮೊದಲು ಒಮ್ಮೆ ತೋರಿಸಿ ಅಣ್ಣ.

ಮಳವಳ್ಳಿ_ರೈಡರ್:

ಆಯ್ತು ಡಾಕ್ಟ್ರೇ. ತೋರಿಸುತ್ತೇನೆ.

ಕುವೆಂಪುನಗರ_ಹೂಪ್ಸ್:

ಎಲ್ಲ ಓದಿದೆ. ಯಾದವಗಿರಿ ಅಕ್ಕನ ಪೋಸ್ಟ್ ಓದಿ ಬೇಜಾರಾಯಿತು. ಈಗ ಮತ್ತೊಂದು ಕಡೆಯಿಂದ ನೋಡುತ್ತೇನೆ. ನೋವು ನುಂಗಿ ಆಡುವುದನ್ನು ಹೊಗಳುವ ಅಭ್ಯಾಸ ನಮ್ಮಂಥ ಅಭಿಮಾನಿಗಳದ್ದೇ.

2012ರ ಏಪ್ರಿಲ್ 28ಕ್ಕೆ ಎನ್‌ಬಿಎ ಆಟಗಾರ ಡೆರಿಕ್ ರೋಸ್ ಎಡ ಮಂಡಿಯ ಎಸಿಎಲ್ ಹರಿದುಕೊಂಡ. ಅದರ ಹಿಂದಿನ ವರ್ಷವಷ್ಟೇ ಎಂವಿಪಿ (ಸೀಸನ್ನಿನ ಅತ್ಯುತ್ತಮ ಆಟಗಾರ) ಆಗಿದ್ದವನು. ಮರುವರ್ಷ ಮಾರ್ಚ್‌ನಲ್ಲಿ ಡಾಕ್ಟರುಗಳು ಆಡಬಹುದು ಅಂದರು. ಅವನು ಮಾತ್ರ ಆ ಸೀಸನ್ ಪೂರ್ತಿ ಇಳಿಯಲಿಲ್ಲ. ಜನ ಏನೇನೋ ಅಂದರು. ಧೈರ್ಯ ಇಲ್ಲ ಅಂದರು, ಟೀಮಿನ ಮೇಲೆ ಪ್ರೀತಿ ಇಲ್ಲ ಅಂದರು. ತನ್ನ ಮಂಡಿ ಬಗ್ಗೆ ತನಗೆ ಇನ್ನೂ ನಂಬಿಕೆ ಬಂದಿಲ್ಲ ಅನ್ನಿಸಿದರೆ ಕೂರುವುದು ಆಟಗಾರನ ಹಕ್ಕು. ಆಮೇಲೆ ಅವನಿಗೆ ಇನ್ನೊಂದು ಮಂಡಿಯ ಮೆನಿಸ್ಕಸ್ ಹೋಯಿತು, ಅದು ಬೇರೆ ಕಥೆ. ಕೂತಿದ್ದು ತಪ್ಪು ಅಂತ ಅದರಿಂದ ಆಗುವುದಿಲ್ಲ.

ಕಾದವರಿಗೂ ಫಲ ಸಿಕ್ಕಿದೆ. ಜಮಾಲ್ ಮರ್ರೆಗೆ 2021ರ ಏಪ್ರಿಲ್‌ನಲ್ಲಿ ಎಸಿಎಲ್ ಹೋಯಿತು. ಮುಂದಿನ ಸೀಸನ್ ಪೂರ್ತಿ ಹೊರಗೆ ಕೂತ. 2023ರಲ್ಲಿ ಡೆನ್ವರ್ ಚಾಂಪಿಯನ್ ಆದಾಗ ಟೀಮಿನ ಎರಡನೇ ದೊಡ್ಡ ಆಟಗಾರ ಅವನೇ. ಶಾನ್ ಲಿವಿಂಗ್‌ಸ್ಟನ್‌ನದಂತೂ 2007ರಲ್ಲಿ ಮಂಡಿ ಪೂರ್ತಿ ಕಿತ್ತುಹೋದ ಹಾಗಾಗಿತ್ತು. ಒಂದಲ್ಲ, ಒಟ್ಟೊಟ್ಟಿಗೆ ಹಲವು ಲಿಗಮೆಂಟ್. ಅಂಥವನು ನಿಧಾನವಾಗಿ ಎದ್ದು ಬಂದು ಗೋಲ್ಡನ್ ಸ್ಟೇಟ್ ಜೊತೆ 2015, 2017, 2018ರಲ್ಲಿ ಮೂರು ಚಾಂಪಿಯನ್‌ಷಿಪ್ ಗೆದ್ದ.

ಹುಡುಗಿಯರಿಗೆ ಹೇಳುವುದಾದರೆ ಪೇಜ್ ಬೆಕರ್ಸ್. 2022ರ ಆಗಸ್ಟ್‌ನಲ್ಲಿ ಎಸಿಎಲ್ ಹೋಗಿ ಒಂದು ಸೀಸನ್ ಪೂರ್ತಿ ಹೊರಗಿದ್ದಳು. 2025ರಲ್ಲಿ ಕಾಲೇಜು ಚಾಂಪಿಯನ್‌ಷಿಪ್ ಗೆದ್ದಳು. ಅದೇ ತಿಂಗಳು ಅಮೆರಿಕದ ಮಹಿಳಾ ಲೀಗ್ ಡಬ್ಲ್ಯುಎನ್‌ಬಿಎಗೆ ಮೊದಲನೆಯವಳಾಗಿ ಆಯ್ಕೆಯಾದಳು. ಆ ಹುಡುಗಿಗೆ ಇವಳ ಆಟದ ವಿಡಿಯೋ ತೋರಿಸಿ ಸರ್.

ಜಯಲಕ್ಷ್ಮೀಪುರಂ_ಶಟ್ಲರ್:

ಬ್ಯಾಡ್ಮಿಂಟನ್ ಆಟಗಾರ್ತಿ ಕೆರೊಲಿನಾ ಮರಿನ್ ನೆನಪಾದಳು. 2019ರಲ್ಲಿ ಬಲ ಮಂಡಿ, 2021ರಲ್ಲಿ ಎಡ ಮಂಡಿ, 2024ರ ಪ್ಯಾರಿಸ್ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಗೆಲ್ಲುವ ಹಂತದಲ್ಲಿದ್ದಾಗ ಮತ್ತೆ ಬಲ ಮಂಡಿ. ಸರಿಯಾಗಿ ಚಿಕಿತ್ಸೆ ತಗೊಂಡು ಬಂದವರಿಗೇ ಹೀಗಾಗುತ್ತದೆ ಅಂದಮೇಲೆ ಹರಿದ ಮಂಡಿಯಲ್ಲಿ ಆಡಿಸುವ ಮಾತು ಎಲ್ಲಿಂದ ಬಂತು?

ಸರಸ್ವತಿಪುರಂ_ಫಿಸಿಯೋ:

ಹೌದು. 25 ವರ್ಷದೊಳಗಿನವರು ಆಪರೇಷನ್ ಆಗಿ ಮತ್ತೆ ಆಟಕ್ಕೆ ಮರಳಿದರೆ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಮತ್ತೆ ಎಸಿಎಲ್ ಹೋಗುತ್ತದೆ. ಅದೇ ಮಂಡಿಯಲ್ಲೋ, ಇನ್ನೊಂದರಲ್ಲೋ. ಅದಕ್ಕೇ ಆತುರ ಬೇಡ ಅನ್ನುವುದು. ನಾರ್ವೆಯಲ್ಲಿ ನಡೆದ ಅಧ್ಯಯನ 2016ರಲ್ಲಿ ಬಂತು. ಆಪರೇಷನ್ ಆಗಿ ಒಂಬತ್ತು ತಿಂಗಳ ತನಕ, ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೆ ಹಾಕಿದಷ್ಟೂ ಮತ್ತೆ ಏಟಾಗುವ ಅಪಾಯ ಅರ್ಧದಷ್ಟು ಇಳಿಯುತ್ತಾ ಹೋಗುತ್ತದೆ ಅಂತ ಅದರಲ್ಲಿ ಕಂಡುಬಂತು.

ಆಪರೇಷನ್‌ನಲ್ಲಿ ಹರಿದ ಎಸಿಎಲ್ ಜಾಗಕ್ಕೆ ಬೇರೆ ಕಡೆಯಿಂದ ತೆಗೆದು ಹೊಸದಾಗಿ ಕೂರಿಸಿದ ಪಟ್ಟಿ, ಅಂದರೆ ಗ್ರಾಫ್ಟ್, ನಾಟಿ ಮಾಡಿದ ಪೈರಿನ ಹಾಗೆ. ಮಡಿಯಿಂದ ಕಿತ್ತು ಗದ್ದೆಗೆ ನೆಟ್ಟ ಮೇಲೆ ಮೊದಲು ಬಾಡುತ್ತದೆ, ಆಮೇಲೆ ಬೇರು ಬಿಟ್ಟು ಹಸಿರಾಗುತ್ತದೆ. ಗ್ರಾಫ್ಟ್ ಕೂಡ ಮೊದಲ ತಿಂಗಳುಗಳಲ್ಲಿ ಮೆತ್ತಗಾಗಿ, ರಕ್ತನಾಳ ಬೆಳೆದ ಮೇಲೆ ನಿಧಾನವಾಗಿ ಗಟ್ಟಿಯಾಗುತ್ತದೆ. ಹುಡುಗರು ನಾಲ್ಕನೇ ತಿಂಗಳಿಗೇ ಓಡಾಡಿಕೊಂಡು ಚೆನ್ನಾಗಿರುತ್ತಾರೆ. ಆಡಲು ಒಂಬತ್ತು ತಿಂಗಳಾದರೂ ಬೇಕು, ಒಂದು ವರ್ಷ ಆದರೆ ಇನ್ನೂ ಒಳ್ಳೆಯದು.

ತಿಂಗಳು ಎಣಿಸಿದರೆ ಮಾತ್ರ ಸಾಲದು. ಎರಡೂ ತೊಡೆಯ ಬಲ ಅಳೆಯಬೇಕು. ಏಟಾದ ಕಾಲು ಇನ್ನೊಂದರ ಶೇಕಡ 90ರಷ್ಟಾದರೂ ಬಲ ತೋರಿಸಬೇಕು. ಒಂಟಿ ಕಾಲಲ್ಲಿ ಒಂದು ಸಲ ಜಿಗಿದ ದೂರ, ಮೂರು ಸಲ ಜಿಗಿದ ದೂರ, ಅಡ್ಡಡ್ಡ ಜಿಗಿದ ದೂರ ಎಲ್ಲವನ್ನೂ ಅಳೆಯಬೇಕು. ಇಳಿಯುವಾಗ ಮಂಡಿ ಒಳಕ್ಕೆ ಬಾಗುತ್ತದಾ ಅಂತ ಮೊಬೈಲಿನಲ್ಲಿ ನಿಧಾನವಾಗಿ ಓಡಿಸಿ ನೋಡಬೇಕು. ಇಷ್ಟು ಆದ ಮೇಲೆ ಪ್ರ್ಯಾಕ್ಟೀಸ್, ಅದೂ ಮೊದಲು ಯಾರೂ ಮೈಗೆ ತಾಗದ ಡ್ರಿಲ್. ಪಂದ್ಯ ಕೊನೆಗೆ.

ಶ್ರೀರಂಗಪಟ್ಟಣ_ಅಮ್ಮ:

ನನ್ನ ಮಗನಿಗೆ ಹದಿನಾರು. ಆಡುವಾಗ ಬೇರೆ ಹುಡುಗ ಹೊರಗಿಂದ ಬಂದು ಮಂಡಿ ಮೇಲೆ ಬಿದ್ದ. ಎಂಸಿಎಲ್ ಗ್ರೇಡ್ 2 ಅಂತ ಬರೆದಿದ್ದಾರೆ, ಎಸಿಎಲ್ ಸರಿ ಇದೆಯಂತೆ. ಇಲ್ಲಿ ಎಲ್ಲ ಓದಿ ಹೆದರಿಕೆ ಆಗುತ್ತಿದೆ.

ಸರಸ್ವತಿಪುರಂ_ಫಿಸಿಯೋ:

ಹೆದರಬೇಡಿ ಅಮ್ಮ. ಇದು ಕೂಡಿಕೊಳ್ಳುವ ಏಟು. ಡಾಕ್ಟರ್ ಹೇಳಿದಷ್ಟು ದಿನ ಹಿಂಜ್ ಇರುವ ಬ್ರೇಸ್ ಹಾಕಿಸಿ. ಅಂಗಡಿಯಲ್ಲಿ ಸಿಗುವ ಬಟ್ಟೆ ನೀ ಕ್ಯಾಪ್ ಬೇಡ. ಅದು ಬೆಚ್ಚಗಿಡುತ್ತದೆ, ಪಕ್ಕಕ್ಕೆ ಬಾಗುವುದನ್ನು ತಡೆಯುವುದಿಲ್ಲ. ಮಂಡಿಯ ಒಳಬದಿ ಒತ್ತಿದರೆ ನೋವಿರಬಾರದು, ಪೂರ್ತಿ ಮಡಚಬೇಕು, ಪೂರ್ತಿ ನೇರ ಆಗಬೇಕು, ಕುಂಟದೆ ಓಡಿ ತಿರುಗಬೇಕು. ಆಮೇಲೆ ಆಡಲಿ.

ಡಬ್ಲ್ಯುಎನ್‌ಬಿಎ ಆಟಗಾರ್ತಿ ಬ್ರಿಯಾನಾ ಸ್ಟೀವರ್ಟ್ 2025ರ ಪ್ಲೇಆಫ್‌ನಲ್ಲಿ ಎಂಸಿಎಲ್ ಉಳುಕಿದ್ದರೂ ಆಡಿದಳು. ಅವಳಿಗೆ ಮೂವತ್ತು ದಾಟಿದೆ. ಅದು ಅವಳ ವೃತ್ತಿ, ಪಕ್ಕದಲ್ಲೇ ಡಾಕ್ಟರುಗಳು ಇರುತ್ತಾರೆ. ನಿಮ್ಮ ಮಗನಿಗೆ ಹದಿನಾರು. ಅವನಿಗೆ ಯಾವ ಅವಸರವೂ ಇಲ್ಲ.

ಮಂಡ್ಯ_ಕೋಚ್:

ಎಲ್ಲರೂ ಮನಸ್ಸಿಟ್ಟು ಬರೆದಿದ್ದೀರಿ. ನಿನ್ನೆ ಸಂಜೆ ಹುಡುಗಿಯ ಮನೆಗೆ ಹೋಗಿದ್ದೆ. ಅವರಪ್ಪ, ಅಮ್ಮ, ಸೋದರಮಾವ ಎಲ್ಲರೂ ಇದ್ದರು. ಯಾದವಗಿರಿ ಅಕ್ಕನ ಪೋಸ್ಟ್ ಮೊದಲು ಓದಿದೆ. ಓದಿ ಮುಗಿಸುವ ಹೊತ್ತಿಗೆ ಅವರಮ್ಮ “ಬೇಡ ಸರ್, ಆಟ ಆಮೇಲೆ” ಅಂದುಬಿಟ್ಟರು. ಅವರಪ್ಪ ಕೇಳಿದ್ದು ಎರಡೇ ಪ್ರಶ್ನೆ. ಖರ್ಚು ಎಷ್ಟಾಗುತ್ತದೆ? ಸೀಟಿನ ಗತಿ ಏನು?

ಹುಡುಗಿ ಅತ್ತಳು. ಅಳಲಿ ಅಂತ ಬಿಟ್ಟೆ. ಅವಳು ಕಳೆದುಕೊಳ್ಳುತ್ತಿರುವುದು ನಿಜವಾದದ್ದೇ. ಮೈಸೂರು ವಿಭಾಗ ಅಂದರೆ ಹಾಸನ, ಕೊಡಗು, ದಕ್ಷಿಣ ಕನ್ನಡದ ಟೀಮುಗಳ ಎದುರು ಆಡುವ ಅವಕಾಶ. ಮೈದಾನದಲ್ಲಿ ಬೆಳಿಗ್ಗೆ ಐದೂವರೆಗೆ ಎಲ್ಲರಿಗಿಂತ ಮೊದಲು ಬಂದು ಕಸ ಗುಡಿಸುತ್ತಿದ್ದವಳು ಅವಳು.

ಮೂಳೆವಿಭಾಗ_ಪಿಜಿ:

ಖರ್ಚಿನ ಬಗ್ಗೆ. ಆಯುಷ್ಮಾನ್ ಕಾರ್ಡ್ ಇದ್ದರೆ, ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರನ್ನು (ಯೋಜನೆಯ ಸಹಾಯಕರು) ಕಂಡು ಕೇಳಿ. ಅಡ್ಮಿಟ್ ಆದಮೇಲೆ ಕೇಳಿದರೆ ಓಡಾಟ ಜಾಸ್ತಿ. ಎಂಆರ್‌ಐ ರಿಪೋರ್ಟ್ ಜೊತೆ ಫಿಲಂ ಅಥವಾ ಸಿಡಿಯನ್ನೂ ಇಟ್ಟುಕೊಳ್ಳಿ. ಬರೀ ರಿಪೋರ್ಟ್ ಹಾಳೆ ನೋಡಿ ಎರಡನೇ ಡಾಕ್ಟರ್ ಅಭಿಪ್ರಾಯ ಹೇಳುವುದು ಕಷ್ಟ.

ಡಾಕ್ಟರಿಗೆ ಕೇಳಬೇಕಾದ್ದು: ಮೆನಿಸ್ಕಸ್ ಹೇಗಿದೆ? ಹರಿದಿದ್ದರೆ ಹೊಲಿಯಬಹುದಾ? ಗ್ರಾಫ್ಟ್ ಎಲ್ಲಿಂದ ತೆಗೆಯುತ್ತೀರಿ, ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ನಿಂದಲಾ, ಮಂಡಿ ಚಿಪ್ಪಿನ ಕೆಳಗಿನ ಪಟ್ಟಿಯಿಂದಲಾ? ಆಪರೇಷನ್ ಆದಮೇಲೆ ಫಿಸಿಯೋ ಎಷ್ಟು ತಿಂಗಳು, ಅದರ ದುಡ್ಡು ಬೇರೆಯಾ? ಕೊನೆಯದನ್ನು ಯಾರೂ ಕೇಳುವುದಿಲ್ಲ. ಆಪರೇಷನ್‌ಗೆ ಸಾಲ ಮಾಡಿ, ಫಿಸಿಯೋಗೆ ದುಡ್ಡಿಲ್ಲದೆ ಎರಡನೇ ತಿಂಗಳಿಗೆ ಬಿಟ್ಟವರನ್ನು ನೋಡಿದ್ದೇನೆ. ಅಂಥವರ ಕಾಲು ಬಲವೇ ಬರುವುದಿಲ್ಲ.

ಆತುರದಲ್ಲಿ ನಾಳೆಯೇ ಆಪರೇಷನ್ ಬೇಕಾಗಿಲ್ಲ. ಮೊದಲು ಊತ ಪೂರ್ತಿ ಇಳಿಯಲಿ, ಕಾಲು ಪೂರ್ತಿ ನೇರ ಆಗಲಿ, ತೊಡೆಗೆ ಬಲ ಬರಲಿ. ಬಿಗಿದ ಮಂಡಿಗೆ ಆಪರೇಷನ್ ಮಾಡಿದರೆ ಆಮೇಲೂ ಬಿಗಿದೇ ಇರುವ ಸಾಧ್ಯತೆ ಇದೆ. ಹೊಲಿಯಬೇಕಾದ ಮೆನಿಸ್ಕಸ್ ಸಿಕ್ಕಿಕೊಂಡಿದ್ದರೆ ಮಾತ್ರ ತಡ ಮಾಡಬಾರದು.

ಸರಸ್ವತಿಪುರಂ_ಫಿಸಿಯೋ:

ಅವಳು ಇವತ್ತಿನಿಂದಲೇ ಶುರು ಮಾಡಬಹುದಾದ್ದು ಒಂದಿದೆ. ನೆಲದ ಮೇಲೆ ಕಾಲು ಚಾಚಿ ಕೂರಲಿ. ಹಿಮ್ಮಡಿ ಕೆಳಗೆ ಸುತ್ತಿದ ಟವೆಲ್ ಇಡಲಿ. ಮಂಡಿಯ ಹಿಂಭಾಗ ನೆಲದ ಕಡೆ ಒತ್ತುತ್ತಾ ತೊಡೆ ಸ್ನಾಯುವನ್ನು ಬಿಗಿ ಹಿಡಿಯಲಿ, ಐದು ಎಣಿಸಿ ಬಿಡಲಿ. ಮಂಡಿ ಚಿಪ್ಪು ಮೇಲಕ್ಕೆ ಸರಿಯುವುದು ಕಣ್ಣಿಗೆ ಕಾಣಬೇಕು. ಕಾಣದಿದ್ದರೆ ಸ್ನಾಯು ಇನ್ನೂ ಎಚ್ಚೆತ್ತಿಲ್ಲ ಅಂತ. ಓದುವಾಗ, ಟಿವಿ ನೋಡುವಾಗ ಮಾಡುತ್ತಿರಲಿ.

ಯಾದವಗಿರಿ_ಫಾರ್ವರ್ಡ್:

ಸೀಟಿನ ಬಗ್ಗೆ ನಾನು ಹೇಳುತ್ತೇನೆ. ಅವಳ ಹತ್ತಿರ ಹಿಂದಿನ ವರ್ಷಗಳ ಜಿಲ್ಲಾ ಮಟ್ಟದ, ಪಿಯು ಕ್ರೀಡಾಕೂಟದ ಸರ್ಟಿಫಿಕೇಟ್ ಇದ್ದೇ ಇರುತ್ತದೆ ಅಲ್ವಾ? ಅವನ್ನೆಲ್ಲ ಒಂದು ಫೈಲಿನಲ್ಲಿ ಹಾಕಿ, ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರನ್ನು ನೇರವಾಗಿ ಭೇಟಿ ಮಾಡಿಸಿ. ಏಟಾಗಿದೆ, ಚಿಕಿತ್ಸೆ ನಡೆಯುತ್ತಿದೆ, ಮುಂದಿನ ವರ್ಷ ಆಡುತ್ತಾಳೆ ಅಂತ ಮುಚ್ಚುಮರೆ ಇಲ್ಲದೆ ಹೇಳಿ. ನೀವು ಜೊತೆಗೆ ಹೋಗಿ ಸರ್, ಅಪ್ಪ ಅಮ್ಮ ಮಾತ್ರ ಹೋದರೆ ಹೇಳಲು ಹಿಂಜರಿಯುತ್ತಾರೆ. ಮೈಸೂರಿನ ಕಡೆಯ ಕಾಲೇಜುಗಳಿಗೆ ನಾನೂ ಬರುತ್ತೇನೆ.

ಮದ್ದೂರು_ಅಪ್ಪ:

ನನ್ನ ಮಗಳಿಗೆ ಹೀಗಾಗದಿರಲು ಏನು ಮಾಡಬೇಕು? ಹುಡುಗಿಯರಿಗೇ ಜಾಸ್ತಿ ಆಗುತ್ತದೆ ಅಂತ ಕೇಳಿದ್ದೇನೆ.

ಸರಸ್ವತಿಪುರಂ_ಫಿಸಿಯೋ:

ನಿಜ. ಒಂದೇ ಆಟ ಆಡುವ ಹುಡುಗರಿಗಿಂತ ಹುಡುಗಿಯರಿಗೆ ಎರಡು ಪಟ್ಟಿಗೂ ಜಾಸ್ತಿ. ಮೂಳೆಯ ಆಕಾರ, ಸೊಂಟದ ಅಗಲ ಅಂತ ಕಾರಣ ಹಲವು. ಅವನ್ನು ಬದಲಿಸಲು ಆಗುವುದಿಲ್ಲ. ಆದರೆ ಹಾರಿ ಇಳಿಯುವ ರೀತಿಯನ್ನು ಬದಲಿಸಬಹುದು. ತುಂಬಾ ಹುಡುಗಿಯರು ಕಾಲು ಸೆಟೆದುಕೊಂಡು, ಮಂಡಿ ಒಳಕ್ಕೆ ಬಾಗಿಸಿ ಇಳಿಯುತ್ತಾರೆ. ಮಂಡಿ, ಸೊಂಟ ಎರಡನ್ನೂ ಮಡಚಿ, ಮಂಡಿ ಕಾಲ್ಬೆರಳ ನೇರಕ್ಕೆ ಬರುವ ಹಾಗೆ, ಸದ್ದಾಗದಂತೆ ಇಳಿಯಲು ಕಲಿಸಬೇಕು. ಇಂಥ ತರಬೇತಿ ಸರಿಯಾಗಿ ಮಾಡಿಸಿದ ಕಡೆ ಎಸಿಎಲ್ ಏಟು ಸುಮಾರು ಅರ್ಧಕ್ಕೆ ಇಳಿದಿದೆ ಅಂತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ್ದಾರೆ.

ವಾರಕ್ಕೆ ಎರಡು ಮೂರು ದಿನ, ಪ್ರ್ಯಾಕ್ಟೀಸಿಗೆ ಮೊದಲು ಒಂದು ಹದಿನೈದು ಇಪ್ಪತ್ತು ನಿಮಿಷ ಸಾಕು. ಸ್ಕ್ವಾಟ್, ಲಂಜ್, ಒಂಟಿ ಕಾಲಲ್ಲಿ ನಿಲ್ಲುವುದು, ಪ್ಲ್ಯಾಂಕ್, ತೊಡೆಯ ಹಿಂಭಾಗಕ್ಕೆ ನಾರ್ಡಿಕ್ ಅನ್ನೋ ವ್ಯಾಯಾಮ, ಕೊನೆಗೆ ಜಿಗಿತ. ಯಾವ ಸಾಮಾನೂ ಬೇಡ. ನಮ್ಮ ಕೋಚ್‌ಗಳು ಎರಡು ಸುತ್ತು ಓಡಿಸಿ, ಸೀದಾ ಲೇಅಪ್ ಲೈನ್ ನಿಲ್ಲಿಸಿಬಿಡುತ್ತಾರೆ. ಅದು ಬದಲಾಗಬೇಕು.

ಕುವೆಂಪುನಗರ_ಹೂಪ್ಸ್:

ಕೋರ್ಟಿನ ಬಗ್ಗೆಯೂ ಹೇಳಬೇಕು. ಸಿಮೆಂಟ್ ಕೋರ್ಟಿನ ಮೇಲೆ ಮಣ್ಣು ಇದ್ದರೆ ಒಂದು ಹೆಜ್ಜೆ ಜಾರುತ್ತದೆ, ಮುಂದಿನ ಹೆಜ್ಜೆ ಕಚ್ಚಿಕೊಳ್ಳುತ್ತದೆ. ಆಡುವ ಮೊದಲು ಗುಡಿಸಲೇಬೇಕು. ಟೂರ್ನಮೆಂಟ್ ನಡೆಸುವವರು ಟ್ರೋಫಿ, ಫ್ಲೆಕ್ಸ್‌ಗೆ ಖರ್ಚು ಮಾಡುತ್ತಾರೆ. ಟೇಬಲ್ ಪಕ್ಕ ಒಂದು ಐಸ್ ಬಾಕ್ಸ್, ಕ್ರೇಪ್ ಬ್ಯಾಂಡೇಜ್, ಫಿಸಿಯೋ ಓದುತ್ತಿರುವ ಒಬ್ಬ ವಿದ್ಯಾರ್ಥಿ ಇದ್ದರೆ ಎಷ್ಟು ಮಂಡಿ ಉಳಿಯುತ್ತದೆ!

ಮಂಡ್ಯ_ಕೋಚ್:

ಹೆಸರಿನ ಪಟ್ಟಿ ಇವತ್ತು ಕಳಿಸಿದೆ. ಅವಳ ಹೆಸರು ಇಲ್ಲ. ಅವಳ ಜಾಗಕ್ಕೆ ಫಸ್ಟ್ ಪಿಯು ಹುಡುಗಿಯೊಬ್ಬಳನ್ನು ಹಾಕಿದ್ದೇನೆ. ಎಡಗೈ ಡ್ರಿಬಲ್ ಇನ್ನೂ ಬಿಗಿಯಾಗಿಲ್ಲ, ಸೋಲುವ ಸಾಧ್ಯತೆಯೇ ಜಾಸ್ತಿ. ಆ ಮಾತು ನನಗೆ ಬಿಡಿ. ಯಾರಾದರೂ ಕೇಳಿದರೆ, ಮಂಡಿಗೆ ಏಟಾದವಳನ್ನು ಕೂರಿಸಿದ್ದು ನಾನು ಅಂತಲೇ ಹೇಳಿ.

ಮುಂದಿನ ಸೋಮವಾರ ಅವಳನ್ನು ಮೈಸೂರಿಗೆ ಎರಡನೇ ಅಭಿಪ್ರಾಯಕ್ಕೆ ಕರೆದುಕೊಂಡು ಹೋಗುತ್ತಿದ್ದೇವೆ. ಫಿಲಂ ಇದೆ, ಕಾರ್ಡ್ ಇದೆ. ಪಿಜಿ ಡಾಕ್ಟರ್ ಬರೆದ ಪ್ರಶ್ನೆಗಳನ್ನು ಅವರಪ್ಪ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದಾರೆ.

ಫಿಸಿಯೋ ಮೇಡಂ, ನೀವು ಹೇಳಿದ ಇಳಿಯುವ ಡ್ರಿಲ್ ಈ ವಾರದಿಂದಲೇ ಶುರು ಮಾಡುತ್ತೇನೆ. ಒಂದು ಭಾನುವಾರ ಮಂಡ್ಯಕ್ಕೆ ಬಂದು ನಮ್ಮ ಹುಡುಗಿಯರು ಇಳಿಯುವುದನ್ನು ನೋಡಿ ತಿದ್ದಿಕೊಡುತ್ತೀರಾ? ರೈಲಿನಲ್ಲಿ ಬಂದರೆ ಸ್ಟೇಷನ್ನಿಗೆ ನಾನೇ ಬರುತ್ತೇನೆ.

ಸರಸ್ವತಿಪುರಂ_ಫಿಸಿಯೋ:

ಬರುತ್ತೇನೆ. ಎಲ್ಲರಿಗೂ ಶಾರ್ಟ್ಸ್ ಹಾಕಿಕೊಂಡು ಬರಲು ಹೇಳಿ, ಟ್ರ್ಯಾಕ್ ಪ್ಯಾಂಟಿನಲ್ಲಿ ಮಂಡಿ ಕಾಣುವುದಿಲ್ಲ. ದಿನಾ ಆಡುವ ಶೂಗಳನ್ನೇ ತರಲಿ, ಅಡಿ ಸವೆದಿದೆಯಾ ಅಂತ ನೋಡಬೇಕು. ಏಟಾದ ಹುಡುಗಿಯೂ ಬರಲಿ, ತೊಡೆ ಅಳತೆ ಬರೆದಿಟ್ಟುಕೊಳ್ಳೋಣ.

ಮದ್ದೂರು_ಅಪ್ಪ:

ನಮ್ಮ ಮಗಳನ್ನೂ ಕರೆದುಕೊಂಡು ಬರಬಹುದಾ ಸರ್?

ಮಂಡ್ಯ_ಕೋಚ್:

ಧಾರಾಳವಾಗಿ ಬನ್ನಿ. ಬೆಳಿಗ್ಗೆ ಆರೂವರೆಗೆ, ಬಿಸಿಲೇರುವ ಮೊದಲು. ತಿಂಡಿ ತಿನ್ನಿಸದೆ ಕರೆತನ್ನಿ, ಮುಗಿದ ಮೇಲೆ ಎಲ್ಲರಿಗೂ ಇಲ್ಲೇ ಇಡ್ಲಿ.